ಒಪಿನೆಲ್ ನಂಬರ್ 8: ತೆಳು ಅಲಗು, ನೀರು ಕುಡಿಯುವ ಹಿಡಿ

ಜೇಬಿನ ಚಾಕು ದಿನಕ್ಕೆ ಹತ್ತು ಸಲ ಹೊರಗೆ ಬಂದರೆ ಹತ್ತೂ ಸಲ ಸಣ್ಣ ಕೆಲಸಕ್ಕೇ ಬರುತ್ತದೆ. ಪಾರ್ಸೆಲ್ಲಿನ ಟೇಪು, ರಟ್ಟಿನ ಡಬ್ಬ, ಹಗ್ಗ, ಹಣ್ಣು, ಪೆನ್ಸಿಲ್ಲು, ವೈರಿನ ಮೇಲಿನ ಪ್ಲಾಸ್ಟಿಕ್ಕು. ಇವುಗಳಲ್ಲಿ ಒಂದಕ್ಕೂ ದಪ್ಪ ಅಲಗು ಬೇಕಿಲ್ಲ. ಆದರೂ ಚಾಕು ಕೊಳ್ಳಲು ಹೋದವರ ಕಣ್ಣು ಮೊದಲು ಬೀಳುವುದು ಮೂರೂವರೆ, ನಾಲ್ಕು ಮಿಲಿಮೀಟರ್ ದಪ್ಪದ, ಕಪ್ಪು ಬಣ್ಣ ಬಳಿದ, ಕೈಗೆ ತೂಕವಾಗಿ ಕೂರುವ ಚಾಕುವಿನ ಮೇಲೆ. ಅದನ್ನು ಒಂದು ಸೇಬಿಗೆ ಹಾಕಿ ನೋಡಿ. ಅಂಚು ಒಳಗೆ ಇಳಿಯುತ್ತದೆ, ಹಿಂದೆಯೇ ಬರುವ ದಪ್ಪ ಬೆನ್ನು ಹಣ್ಣನ್ನು ಬೆಣೆಯಂತೆ ಇಬ್ಭಾಗ ಮಾಡಿ ಸಿಡಿಸುತ್ತದೆ. ಅದು ಕತ್ತರಿಸಿದ್ದಲ್ಲ, ಸೀಳಿದ್ದು.

ಫ್ರಾನ್ಸಿನ ಮಡಚುವ ಚಾಕು ಒಪಿನೆಲ್ ನಂಬರ್ 8 ಇದಕ್ಕೆ ತದ್ವಿರುದ್ಧ. ಅಲಗಿನ ಉದ್ದ 8.5 ಸೆಂಟಿಮೀಟರ್, ಬೆನ್ನಿನ ದಪ್ಪ ಎರಡು ಮಿಲಿಮೀಟರಿಗೂ ಕಡಿಮೆ, ಮಡಚಿದಾಗ ಉದ್ದ 11 ಸೆಂಟಿಮೀಟರ್, ತೂಕ 50 ಗ್ರಾಮಿನ ಒಳಗೆ. ಜೇಬಿನಲ್ಲಿ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳಬೇಕು, ಅಷ್ಟು ಹಗುರ. ಅಲಗು ಬೆನ್ನಿನಿಂದ ಅಂಚಿನವರೆಗೆ ಒಂದೇ ಸಮನೆ ತೆಳುವಾಗುತ್ತ ಬರುತ್ತದೆ. ಸೇಬಿನಲ್ಲಿ ಸದ್ದಿಲ್ಲದೆ ಇಳಿಯುತ್ತದೆ, ರಟ್ಟಿನಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಈ ಚಾಕುವಿನ ಗುಣವೆಲ್ಲ ಈ ಒಂದು ಆಕಾರದಿಂದ ಬಂದದ್ದು. ಉಕ್ಕಿನ ಹೆಸರು, ಲಾಕಿನ ಜಾತಿ, ಹಿಡಿಯ ಅಂದ ಎಲ್ಲವೂ ಆಮೇಲಿನ ಮಾತು. ಅಲಗು ದಪ್ಪವಿದ್ದರೆ ಎಂಥ ದುಬಾರಿ ಉಕ್ಕೂ ರಟ್ಟಿನಲ್ಲಿ ತಿಣುಕಾಡುತ್ತದೆ. ತೆಳುವಿದ್ದರೆ ಸಾಧಾರಣ ಉಕ್ಕೂ, ಅಂಚು ಸ್ವಲ್ಪ ಮೊಂಡಾದ ಮೇಲೂ, ಕೆಲಸ ಮಾಡುತ್ತಲೇ ಇರುತ್ತದೆ.

ಜೋಸೆಫ್ ಒಪಿನೆಲ್ ಈ ಚಾಕುವನ್ನು ರೂಪಿಸಿದ್ದು 1890ರಲ್ಲಿ, ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳ ಸವ್ವಾ ಸೀಮೆಯಲ್ಲಿ. 1897ರಲ್ಲಿ 1ರಿಂದ 12ರವರೆಗೆ ಹನ್ನೆರಡು ಅಳತೆಗಳು ಬಂದವು. ಅಂದಿನಿಂದ ಇಂದಿನವರೆಗೆ ಆಕಾರದಲ್ಲಿ ಹೆಚ್ಚು ಬದಲಾವಣೆ ಇಲ್ಲ. ಬಿಚ್ಚಿದರೆ ಸಿಗುವುದು ಐದೇ ಭಾಗ: ಅಲಗು, ಮರದ ಹಿಡಿ, ಹಿಡಿಯ ಕೊರಳಿಗೆ ಕೂತ ಲೋಹದ ಪಟ್ಟಿ, ಅದರ ಮೇಲೆ ತಿರುಗುವ ಉಂಗುರ, ಮತ್ತು ಅಲಗು ತಿರುಗುವ ರಿವೆಟ್ಟು. ಒಳಗೆ ಸ್ಪ್ರಿಂಗ್ ಇಲ್ಲ. ಅಲಗನ್ನು ಹಿಡಿದಿಡುವುದು ಮರದ ಸೀಳಿನ ಎರಡು ಕೆನ್ನೆಗಳ ಬಿಗಿ ಮಾತ್ರ. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ. ಈ ಚಾಕುವಿನ ದೂರುಗಳಲ್ಲಿ ಮುಕ್ಕಾಲು ಪಾಲು ಇಲ್ಲಿಂದಲೇ ಹುಟ್ಟುತ್ತವೆ.

ಉಂಗುರಕ್ಕೆ ವಿರೊಬ್ಲಾಕ್ ಎಂದು ಹೆಸರು. ಜೋಸೆಫರ ಮಗ ಮಾರ್ಸೆಲ್ ಒಪಿನೆಲ್ 1955ರಲ್ಲಿ ಅದನ್ನು ಸೇರಿಸಿದರು. ಉಂಗುರದಲ್ಲಿ ಒಂದು ಕಡೆ ಕಿಂಡಿ ಇದೆ. ಕಿಂಡಿಯೂ ಹಿಡಿಯ ಸೀಳೂ ಒಂದೇ ನೇರಕ್ಕೆ ಬಂದಾಗ ಅಲಗು ಆಡುತ್ತದೆ. ಉಂಗುರವನ್ನು ತಿರುಗಿಸಿದರೆ ಅದರ ಗೋಡೆ ಸೀಳಿಗೆ ಅಡ್ಡ ಬಂದು ಅಲಗು ಮಡಚದಂತೆ ತಡೆಯುತ್ತದೆ. ಇಷ್ಟು ಸರಳವಾಗಿ ಇಷ್ಟು ಭದ್ರವಾಗಿರುವ ಲಾಕ್ ಇನ್ನೊಂದು ಸಿಗುವುದು ಕಷ್ಟ. ಒಳಗೆ ಸವೆಯುವ ತೆಳು ಪಟ್ಟಿ ಇಲ್ಲ, ಧೂಳು ತುಂಬಿ ಕೈಕೊಡುವ ಗುಂಡು ಇಲ್ಲ. 2000ನೇ ಇಸವಿಯಿಂದ ಮಡಚಿದ ಸ್ಥಿತಿಯಲ್ಲೂ ಲಾಕ್ ಮಾಡಬಹುದು. ಜೇಬಿಗೆ ಈ ಎರಡನೆಯದೇ ಹೆಚ್ಚು ಮುಖ್ಯ. ಹಳೆಯ ಚಾಕು ಕೈಗೆ ಸಿಕ್ಕಿದರೆ ಮಡಚಿ, ಉಂಗುರ ತಿರುಗುತ್ತದೆಯೇ ನೋಡಿ. ತಿರುಗದಿದ್ದರೆ ಅದು ಚೀಲಕ್ಕೆ, ಜೇಬಿಗಲ್ಲ. ನಂಬರ್ 2ರಿಂದ 5ರವರೆಗಿನ ಚಿಕ್ಕ ಚಾಕುಗಳಿಗೆ ಉಂಗುರವೇ ಇಲ್ಲ, 6ರಿಂದ ಮೇಲಿನವಕ್ಕೆ ಇದೆ.

ಉಂಗುರ ತಾನಾಗಿ ಲಾಕ್ ಆಗುವುದಿಲ್ಲ, ನೀವೇ ತಿರುಗಿಸಬೇಕು. ತೆರೆದ ತಕ್ಷಣ ತಿರುಗಿಸುವುದು, ಮಡಚಿದ ತಕ್ಷಣ ತಿರುಗಿಸುವುದು, ಇವೆರಡೂ ಕೈಗೆ ರೂಢಿಯಾಗಬೇಕು. ಲಾಕ್ ಮಾಡದೆ ಮೊನೆಯನ್ನು ಗಟ್ಟಿ ವಸ್ತುವಿಗೆ ಒತ್ತಿದರೆ ಅಲಗು ಬೆರಳುಗಳ ಮೇಲೆಯೇ ಮಡಚಿಕೊಳ್ಳುತ್ತದೆ. ಇನ್ನು ಉಂಗುರವನ್ನು ಬಲವಾಗಿ ಕೊನೆಯವರೆಗೆ ತಿರುಗಿಸುವ ಅಗತ್ಯವಿಲ್ಲ. ಅಲಗು ಅಲ್ಲಾಡದಷ್ಟು ಬಿಗಿಯಾದರೆ ಸಾಕು. ಮೀರಿ ತಿರುಗಿಸಿದರೆ ಬಿಡಿಸಲು ಪರದಾಡಬೇಕಾಗುತ್ತದೆ.

ಕೊಳ್ಳುವಾಗ ಒಂದೇ ನಂಬರಿನ ಎರಡು ಮೂರು ಚಾಕು ತೆಗೆಸಿ ನೋಡುವುದು ಒಳ್ಳೆಯದು. ಮರ ಒಂದರಂತೆ ಒಂದಿರುವುದಿಲ್ಲ. ಮೊದಲು ಹಿಡಿಯ ಮರದ ಎಳೆ ಉದ್ದಕ್ಕೆ ನೇರವಾಗಿದೆಯೇ, ಕೊರಳ ಪಟ್ಟಿಯ ಬಳಿ ಕೂದಲೆಳೆಯಂಥ ಬಿರುಕು ಇದೆಯೇ ನೋಡಿ. ಅಡ್ಡ ಎಳೆಯ ಮರ ಮುಂದೆ ಅಲ್ಲೇ ಸೀಳುತ್ತದೆ. ಮಡಚಿ ಸೀಳಿನೊಳಗೆ ಇಣುಕಿದಾಗ ಅಲಗು ನಡುವೆ ನಿಂತಿರಬೇಕು. ಒಂದು ಕೆನ್ನೆಗೆ ಒರಗಿದ್ದರೆ ಪ್ರತಿ ಸಲ ಮಡಚುವಾಗಲೂ ಅಂಚು ಮರಕ್ಕೆ ಉಜ್ಜುತ್ತದೆ. ತೆರೆದು, ಲಾಕ್ ಮಾಡಿ, ಅಲಗನ್ನು ಎಡಬಲಕ್ಕೆ ಮೆಲ್ಲಗೆ ಆಡಿಸಿ. ಸ್ವಲ್ಪ ಬಳುಕುವುದು ತೆಳು ಅಲಗಿನ ಸ್ವಭಾವ. ಆದರೆ ಬುಡದಲ್ಲಿ ಕಟಕಟ ಎನ್ನಬಾರದು. ಅಂಚನ್ನು ಮೊನೆಯ ಕಡೆಯಿಂದ ಬೆಳಕಿಗೆ ಹಿಡಿದಾಗ ಎಲ್ಲಾದರೂ ಮಿಂಚು ಕಂಡರೆ ಅಲ್ಲಿ ಹರಿತವಿಲ್ಲ ಎಂದರ್ಥ. ಅದು ದೊಡ್ಡ ದೋಷವಲ್ಲ, ಸಾಣೆಕಲ್ಲಿನ ಮೇಲೆ ಐದು ನಿಮಿಷದ ಕೆಲಸ.

ಈಗ ನೀರಿನ ವಿಷಯ. ಹಿಡಿ ಬೀಚ್ ಮರದ್ದು. ಹೊರಮೈಗೆ ವಾರ್ನಿಶ್ ಇದೆ, ಸೀಳಿನ ಒಳಗೆ ರಕ್ಷಣೆ ಸಾಲದು. ನೀರು ಹೋದರೆ ಮರ ಉಬ್ಬುತ್ತದೆ, ಎರಡು ಕೆನ್ನೆಗಳು ಅಲಗನ್ನು ಅದುಮಿ ಹಿಡಿಯುತ್ತವೆ, ಉಗುರು ಕಿತ್ತು ಬಂದರೂ ಚಾಕು ತೆರೆಯುವುದಿಲ್ಲ. ಮಳೆಗಾಲದಲ್ಲಿ ತೊಳೆಯದೆಯೇ, ಗಾಳಿಯ ತೇವಕ್ಕೇ ಹೀಗಾಗುವುದುಂಟು. ಇದು ಈ ಚಾಕುವಿನ ನಿಜವಾದ ದೌರ್ಬಲ್ಯ, ಮುಚ್ಚಿಡುವಂಥದ್ದಲ್ಲ.

ಸಿಕ್ಕಿಕೊಂಡ ಅಲಗನ್ನು ಬಿಡಿಸಲು ಸವ್ವಾದವರೇ ಕಂಡುಕೊಂಡ ಉಪಾಯ ಇದೆ. ಉಂಗುರದ ಲಾಕ್ ಬಿಡಿಸಿ. ಹಿಡಿಯನ್ನು ಉಂಗುರದ ಬಳಿ, ಎರಡು ಮಗ್ಗುಲಿನಿಂದ ಹಿಡಿಯಿರಿ. ಸೀಳು ಕೆಳಮುಖವಾಗಿರಲಿ, ಯಾವ ಬೆರಳೂ ಸೀಳಿನ ಕೆಳಗೆ ಬರಬಾರದು. ಹಿಡಿಯ ಬಾಲದ ತುದಿಯನ್ನು ಮರದ ಮೇಜಿನ ಅಂಚಿಗೆ ಟಕ್ಕೆಂದು ಕುಟ್ಟಿ. ಹಿಡಿ ನಿಲ್ಲುತ್ತದೆ, ಅಲಗು ಬಂದ ವೇಗದಲ್ಲೇ ಮುಂದುವರಿದು ಸೀಳಿನಿಂದ ಕೆಲವು ಮಿಲಿಮೀಟರ್ ಹೊರಗೆ ಬರುತ್ತದೆ. ಅಷ್ಟಾದರೆ ಬೆನ್ನನ್ನು ಚಿಮುಟಿ ಎಳೆಯಬಹುದು. ಇಕ್ಕಳದಿಂದ ಎಳೆಯಬೇಡಿ. ಅಲಗಿಗೆ ಗೀರು ಬೀಳುತ್ತದೆ, ಇಕ್ಕಳ ಜಾರಿದರೆ ಕೈಗೂ ಬೀಳುತ್ತದೆ.

ಶಾಶ್ವತ ಪರಿಹಾರಕ್ಕೆ ಒಂದು ವಾರದ ತಾಳ್ಮೆ ಬೇಕು. ಚಾಕುವನ್ನು ತೆರೆದಿಟ್ಟು ನೆರಳಲ್ಲಿ ಮೂರು ನಾಲ್ಕು ದಿನ ಒಣಗಿಸಿ. ಬಿಸಿಲಿಗೂ ಬೆಂಕಿಗೂ ಹಿಡಿಯಬಾರದು, ಮರ ಬಿರಿಯುತ್ತದೆ. ಒಣಗಿದ ಮೇಲೂ ಬಿಗಿ ಇದ್ದರೆ 180 ಗ್ರಿಟ್ಟಿನ ಸ್ಯಾಂಡ್‌ಪೇಪರನ್ನು ಹಳೆಯ ಪ್ಲಾಸ್ಟಿಕ್ ಕಾರ್ಡಿನ ತುಂಡಿಗೆ ಸುತ್ತಿ, ಸೀಳಿನ ಎರಡೂ ಕೆನ್ನೆಗಳನ್ನು ಸಮನಾಗಿ ಉಜ್ಜಿ. ಅಲಗು ಕಚ್ಚುವುದು ರಿವೆಟ್ಟಿನ ಸುತ್ತಮುತ್ತ, ಆದ್ದರಿಂದ ಅಲ್ಲಿ ಹೆಚ್ಚು ಗಮನ ಕೊಡಿ. ಹತ್ತು ಸಲ ಉಜ್ಜಿದರೆ ಒಮ್ಮೆ ಮಡಚಿ ನೋಡಿ. ತೆಗೆದ ಮರವನ್ನು ಮತ್ತೆ ಸೇರಿಸಲಾಗದು. ಅತಿಯಾದರೆ ಒಣಹವೆಯಲ್ಲಿ ಅಲಗು ಸಡಿಲಾಗಿ ಜೋಲಾಡುತ್ತದೆ, ಆಗ ಉಂಗುರವೊಂದೇ ಗತಿ.

ಉಜ್ಜಿದ ಮೇಲೆ ಎಣ್ಣೆ. ಒಣಗುವ ಎಣ್ಣೆಯೇ ಬೇಕು, ಅಂದರೆ ಅಗಸೆ ಎಣ್ಣೆ ಅಥವಾ ಟಂಗ್ ಮರದ ಬೀಜದಿಂದ ತೆಗೆದ ಟಂಗ್ ಎಣ್ಣೆ. ಇವು ಮರದೊಳಗೆ ಗಟ್ಟಿಯಾಗಿ ನೀರಿಗೆ ತಡೆಯಾಗುತ್ತವೆ. ಅಡುಗೆಗೆ ಬಳಸುವ ಎಷ್ಟೋ ಎಣ್ಣೆಗಳು ಹಾಗೆ ಗಟ್ಟಿಯಾಗದೆ ಜಿಗುಟಾಗಿ, ವಾಸನೆ ಹಿಡಿಯುತ್ತವೆ. ಕಿವಿ ಒರೆಸುವ ಹತ್ತಿಕಡ್ಡಿಯಿಂದ ಸೀಳಿನೊಳಗೆ ತೆಳುವಾಗಿ ಹಚ್ಚಿ, ಹದಿನೈದು ನಿಮಿಷ ಬಿಟ್ಟು ಹೆಚ್ಚಿದ್ದನ್ನು ಒರೆಸಿ, ಒಂದು ದಿನ ಒಣಗಲು ಬಿಡಿ. ಹೀಗೆ ಮೂರು ಸಲ. ಇಡೀ ಚಾಕುವನ್ನು ಎಣ್ಣೆಯ ಡಬ್ಬಿಯಲ್ಲಿ ರಾತ್ರಿಯಿಡೀ ಮುಳುಗಿಸಿಡುವ ಸಲಹೆಯೂ ಕೇಳಿಬರುತ್ತದೆ. ಅದು ಒಣಗಲು ವಾರಗಟ್ಟಲೆ ಹಿಡಿಯುತ್ತದೆ, ರಿವೆಟ್ಟಿನ ಬಳಿ ಅಂಟು ಕಟ್ಟಿ ಬಿಗಿಯನ್ನು ಹೆಚ್ಚಿಸಲೂಬಹುದು. ತೆಳು ಪದರಗಳೇ ಮೇಲು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಎಸೆಯಬೇಡಿ. ಒಣಗುವಾಗ ಅದು ತಾನಾಗಿ ಕಾವೇರಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ನೆನೆಸಿ ಎಸೆಯಿರಿ.

ಅಲಗಿನಲ್ಲಿ ಎರಡು ಬಗೆ. ಒಂದು ಕಾರ್ಬನ್ ಉಕ್ಕು, ಎಕ್ಸ್‌ಸಿ90 ಎಂದು ಹೆಸರು. ಸುಮಾರು ಶೇ 0.9 ಇಂಗಾಲ ಇರುವುದರಿಂದ ಆ ಅಂಕಿ. ಇನ್ನೊಂದು ತುಕ್ಕು ಹಿಡಿಯದ 12ಸಿ27 ಉಕ್ಕಿನ ಒಂದು ಬಗೆ, ಅಲಗಿನ ಮೇಲೆ ಐನಾಕ್ಸ್ ಎಂದು ಅಚ್ಚಾಗಿರುತ್ತದೆ. ಕಾರ್ಬನ್ ಬೇಗ ಹರಿತವಾಗುತ್ತದೆ, ಕಲ್ಲಿನ ಮೇಲೆ ಹಾಯಾಗಿ ಕೂರುತ್ತದೆ, ಅಂಚು ಬಹಳ ಸೂಕ್ಷ್ಮಕ್ಕೆ ಬರುತ್ತದೆ. ಆದರೆ ಹುಳಿ ಹಣ್ಣು ಕೊಯ್ದು ಒರೆಸದೆ ಮಡಚಿಟ್ಟರೆ ಸಂಜೆಯೊಳಗೆ ಕಲೆ, ಮರುದಿನಕ್ಕೆ ತುಕ್ಕು. ಜೇಬಿನಲ್ಲಿ ಬೆವರಿನ ತೇವವೂ ಇರುತ್ತದೆ. ಚಾಕುವನ್ನು ಸಾಕಿಕೊಳ್ಳುವ ಆಸೆ ಇರುವವರಿಗೆ ಕಾರ್ಬನ್. ಜೇಬಿಗೆ ಹಾಕಿ ಮರೆತುಬಿಡುವವರಿಗೆ ಐನಾಕ್ಸ್, ಇದರಲ್ಲಿ ಎರಡು ಮಾತಿಲ್ಲ. ದಿನಬಳಕೆಗೆ ನಮ್ಮ ಆಯ್ಕೆಯೂ ಐನಾಕ್ಸೇ. ಹರಿತದಲ್ಲಿ ಇರುವ ವ್ಯತ್ಯಾಸ ಟೇಪು, ರಟ್ಟಿನ ಕೆಲಸದಲ್ಲಿ ಗೊತ್ತಾಗುವುದಿಲ್ಲ. ತುಕ್ಕಿನಲ್ಲಿ ಇರುವ ವ್ಯತ್ಯಾಸ ಗೊತ್ತಾಗುತ್ತದೆ.

ಕಾರ್ಬನ್ನನ್ನೇ ಕೊಂಡರೆ ಮೊದಲ ದಿನವೇ ಅಲಗಿಗೆ ಬೂದು ಪದರ ಕಟ್ಟಿಸಿ. ಸೋಪಿನಿಂದ ತೊಳೆದು ಜಿಡ್ಡು ಪೂರ್ತಿ ತೆಗೆಯಿರಿ, ಬೆರಳು ಮುಟ್ಟಿದ ಕಡೆ ಪದರ ಹಿಡಿಯುವುದಿಲ್ಲ. ಟಿಶ್ಯೂ ಕಾಗದವನ್ನು ಬೆಚ್ಚಗಿನ ವಿನೆಗರಿನಲ್ಲಿ ಅದ್ದಿ ಅಲಗಿಗೆ ಸುತ್ತಿ, ಇಪ್ಪತ್ತರಿಂದ ಮೂವತ್ತು ನಿಮಿಷ ಬಿಡಿ. ವಿನೆಗರು ಹಿಡಿಯ ಮರಕ್ಕೂ ಕೀಲಿಗೂ ಇಳಿಯದಂತೆ ಮೊನೆಯನ್ನು ಕೆಳಗೆ ಮಾಡಿ ನಿಲ್ಲಿಸಿ. ತೊಳೆದು, ಒರೆಸಿ, ಒಂದು ಹನಿ ಮಿನರಲ್ ಎಣ್ಣೆ ಸವರಿ. ಈ ಕಡುಬೂದು ಪದರ ಕೆಂಪು ತುಕ್ಕನ್ನು ಪೂರ್ತಿ ತಡೆಯುವುದಿಲ್ಲ, ಆದರೆ ಅದು ಬೇಗ ಹಿಡಿಯದಂತೆ ಮಾಡುತ್ತದೆ.

ಸಾಣೆಗೆ 1000 ಗ್ರಿಟ್ಟಿನ ಒಂದೇ ಕಲ್ಲು ಸಾಕು. ಕೋನ ಅಳೆಯುವ ಸಾಧನವೂ ಬೇಕಿಲ್ಲ. ಅಲಗನ್ನು ಕಲ್ಲಿನ ಮೇಲೆ ಮಲಗಿಸಿ, ಅದರ ಅಗಲದ ಮೂರನೇ ಒಂದು ಭಾಗದಷ್ಟು ಎತ್ತರಕ್ಕೆ ಬೆನ್ನನ್ನು ಎತ್ತಿದರೆ ಸುಮಾರು 20 ಡಿಗ್ರಿ ಆಗುತ್ತದೆ. ಅಗಲ 18 ಮಿಲಿಮೀಟರ್ ಇದ್ದರೆ 6 ಮಿಲಿಮೀಟರ್ ಎತ್ತಬೇಕು. ಅಷ್ಟು ಎತ್ತರಕ್ಕೆ ನಾಣ್ಯ ಪೇರಿಸಿ ಅದನ್ನು ಕಣ್ಣಿಗೆ ಅಭ್ಯಾಸ ಮಾಡಿಕೊಳ್ಳಬಹುದು. ಮೊದಲು ಉಂಗುರ ಲಾಕ್ ಮಾಡಿ, ಕಲ್ಲು ಒದ್ದೆ ಮಾಡಿ, ಹಿಡಿಗೆ ನೀರು ತಾಗದಂತೆ ನೋಡಿಕೊಳ್ಳಿ. ಒಂದು ಮಗ್ಗುಲನ್ನೇ ಉಜ್ಜುತ್ತ ಹೋದರೆ ಎದುರು ಮಗ್ಗುಲಿನಲ್ಲಿ ಕಣ್ಣಿಗೆ ಕಾಣದ ಲೋಹದ ಎಳೆಯೊಂದು ಮಗುಚಿಕೊಳ್ಳುತ್ತದೆ. ಹೆಬ್ಬೆರಳನ್ನು ಬೆನ್ನಿನಿಂದ ಅಂಚಿನಾಚೆಗೆ ಸವರಿದರೆ ತರಿತರಿ ತಾಗುತ್ತದೆ. ಬುಡದಿಂದ ಮೊನೆಯವರೆಗೆ ಅದು ಸಿಕ್ಕಿದ ಮೇಲೆಯೇ ಮಗ್ಗುಲು ಬದಲಿಸಿ. ಅನೇಕರ ಸಾಣೆ ವ್ಯರ್ಥವಾಗುವುದು ಇಲ್ಲೇ. ಎಳೆ ಹುಟ್ಟುವ ಮೊದಲೇ ತಿರುಗಿಸುತ್ತಾರೆ, ಅರ್ಧ ಗಂಟೆ ಉಜ್ಜಿದರೂ ಚಾಕು ಮೊಂಡಾಗಿಯೇ ಇರುತ್ತದೆ. ಎರಡೂ ಕಡೆ ಆದ ಮೇಲೆ ಭಾರ ಹಾಕದೆ ಮಗ್ಗುಲು ಬದಲಿಸುತ್ತ ಎಂಟು ಹತ್ತು ಸಲ ಎಳೆದು, ಕೊನೆಗೆ ಚರ್ಮದ ಬೆಲ್ಟಿನ ಒಳಮೈ ಮೇಲೆ ಬೆನ್ನು ಮುಂದಾಗಿ ಇಪ್ಪತ್ತು ಸಲ ಸವರಿ. ಮೋಟರಿನ ಸಾಣೆಚಕ್ರಕ್ಕೆ ಮಾತ್ರ ಈ ಚಾಕುವನ್ನು ಕೊಡಬೇಡಿ. ಇಷ್ಟು ತೆಳು ಅಂಚು ಕ್ಷಣದಲ್ಲಿ ಕಾದು ನೀಲಿಗೆ ತಿರುಗುತ್ತದೆ. ನೀಲಿಯಾದ ಕಡೆ ಉಕ್ಕಿನ ಹದ ಹೋಯಿತು, ಅಲ್ಲಿ ಹರಿತ ಮತ್ತೆ ನಿಲ್ಲುವುದಿಲ್ಲ.

ತೆಳು ಅಲಗಿಗೆ ಮಾಡಬಾರದ್ದು ಒಂದೇ, ಮೀಟುವುದು. ಡಬ್ಬಿಯ ಮುಚ್ಚಳ ಎಬ್ಬಿಸಲು, ಮೊಳೆ ಕೀಳಲು, ಸ್ಕ್ರೂ ತಿರುಗಿಸಲು ಹೋದರೆ ಮೊನೆ ಬಾಗುತ್ತದೆ ಇಲ್ಲವೇ ಮುರಿಯುತ್ತದೆ. ಆ ಕೆಲಸಗಳು ದಿನವೂ ಎದುರಾಗುವವರಿಗೆ ಬೇರೆ ಚಾಕು ಬೇಕು, ಆ ಮಾತು ಮುಂದೆ.

ಜೇಬಿನಲ್ಲಿ ಇಟ್ಟುಕೊಳ್ಳುವ ರೀತಿ. ಒಪಿನೆಲ್ಲಿಗೆ ಕ್ಲಿಪ್ ಇಲ್ಲ, ದುಂಡನೆಯ ಹಿಡಿ ಜೇಬಿನಲ್ಲಿ ಅಡ್ಡ ಮಲಗಿಬಿಡುತ್ತದೆ. ಕೂತಾಗ ತೊಡೆಗೆ ಒತ್ತುತ್ತದೆ, ನಾಣ್ಯ ಕೀಲಿಕೈಗಳ ಜೊತೆ ಸೇರಿದರೆ ಉಂಗುರ ಉಜ್ಜಿ ತಿರುಗುವ ಸಾಧ್ಯತೆಯೂ ಇದೆ. ಮೊಬೈಲು ಇರುವ ಜೇಬಂತೂ ಬೇಡ. ಚಾಕುವಿಗೇ ಒಂದು ಜೇಬು ಬಿಟ್ಟುಕೊಡಿ, ಅಥವಾ ತೆಳು ಚರ್ಮದ ಚೀಲದಲ್ಲಿ ನಿಲ್ಲಿಸಿ ಇಡಿ. ಜೀನ್ಸಿನ ಮುಂಜೇಬಿನ ಒಳಗೆ ಹೊಲಿದ ಪುಟ್ಟ ಜೇಬು 8ಕ್ಕೆ ಸಾಲದು, 6ಕ್ಕೂ ಕಷ್ಟ. ಹಿಂದಿನ ಜೇಬಿನಲ್ಲಿಟ್ಟು ಕೂರಬೇಡಿ. ಹದಿನೈದು ದಿನಕ್ಕೊಮ್ಮೆ ಸೀಳಿನೊಳಗೆ ಸೇರಿದ ಬಟ್ಟೆಯ ನಾರು, ಧೂಳನ್ನು ಹಲ್ಲುಕಡ್ಡಿಯಿಂದ ತೆಗೆಯಿರಿ. ಈ ನಾರು ತೇವ ಹೀರಿ ಅಲಗಿನ ಅಂಚಿಗೆ ಒತ್ತಿಕೊಂಡೇ ಇರುತ್ತದೆ, ಐನಾಕ್ಸಿನ ಮೇಲೂ ಸಣ್ಣ ಚುಕ್ಕೆ ತುಕ್ಕು ಬರುವುದು ಹೀಗೆ. ದಾರ ಕಟ್ಟಬೇಕೆಂದಿದ್ದರೆ ಹಿಡಿಯ ಬಾಲದಲ್ಲಿ 4 ಮಿಲಿಮೀಟರ್ ರಂಧ್ರ ಕೊರೆಯಬಹುದು. ಅದಕ್ಕೂ ಮುನ್ನ ಮಡಚಿದ ಅಲಗಿನ ಮೊನೆ ಎಲ್ಲಿಗೆ ಬರುತ್ತದೆ ಎಂದು ಪೆನ್ಸಿಲಿನಲ್ಲಿ ಗುರುತಿಸಿಕೊಳ್ಳಿ, ರಂಧ್ರ ಅದರ ಆಚೆಗಿರಲಿ.

ಉಂಗುರ ಸಡಿಲವಾದರೆ ಬಟ್ಟೆ ಸುತ್ತಿದ ಇಕ್ಕಳದಿಂದ ಮೆಲ್ಲಗೆ ಅದುಮಿ, ತೀರ ಬಿಗಿಯಾದರೆ ಕಿಂಡಿಯನ್ನು ಕೂದಲೆಳೆಯಷ್ಟು ಅಗಲಿಸಿ. ಒಮ್ಮೆಗೇ ಹೆಚ್ಚು ಬಗ್ಗಿಸಿದರೆ ಉಂಗುರದ ದುಂಡಗೇ ಹೋಗುತ್ತದೆ.

ಇದಕ್ಕೆ ಎದುರಾಗಿ ನಿಲ್ಲುವುದು ಸ್ವಿಸ್ ಕಂಪನಿ ವಿಕ್ಟೋರಿನಾಕ್ಸಿನ, ಮಡಚಿದಾಗ 91 ಮಿಲಿಮೀಟರ್ ಉದ್ದದ ಚಾಕುಗಳು. 1897ರಲ್ಲಿ ಒಪಿನೆಲ್ಲಿನ ಹನ್ನೆರಡು ಅಳತೆಗಳು ಬಂದ ವರ್ಷವೇ ಸ್ವಿಟ್ಜರ್ಲೆಂಡಿನಲ್ಲಿ ಆ ಕಂಪನಿಯ ಸ್ಥಾಪಕ ಕಾರ್ಲ್ ಎಲ್ಸೆನರ್ ತಮ್ಮ ಆಫೀಸರ್ ಚಾಕುವನ್ನು ನೋಂದಾಯಿಸಿದರು. ಅಲಗು ಇದೂ ತೆಳು, ಹಿಡಿ ಪ್ಲಾಸ್ಟಿಕ್ ಆದ್ದರಿಂದ ನೀರಿನ ಚಿಂತೆಯಿಲ್ಲ, ಮೀಟಲು, ಸ್ಕ್ರೂ ತಿರುಗಿಸಲು, ಡಬ್ಬಿ ತೆರೆಯಲು ಬೇರೆ ಬೇರೆ ಸಲಕರಣೆ ಒಳಗೇ ಇವೆ. ಸ್ಪಾರ್ಟನ್ ಎಂಬ ಮಾದರಿ ತೂಕದಲ್ಲಿ ಸುಮಾರು 60 ಗ್ರಾಮ್, ದಪ್ಪವೂ ಹಿತಮಿತ. ಪದರ ಹೆಚ್ಚಿದ ಮಾದರಿಗಳು ಜೇಬಿನಲ್ಲಿ ಇಟ್ಟಿಗೆಯಾಗುತ್ತವೆ. ಆದರೆ ಈ ಚಾಕುವಿನ ಅಲಗಿಗೆ ಲಾಕ್ ಇಲ್ಲ, ಸ್ಪ್ರಿಂಗಿನ ಒತ್ತಡವಷ್ಟೇ. ಕತ್ತರಿಸುವಾಗ ಅಂಗೈ ತುಂಬ ಹಿಡಿಯಲು ಒಪಿನೆಲ್ಲಿನ ದುಂಡು ಮರವೇ ಮೇಲು. ಹತ್ತು ನಿಮಿಷ ಸತತವಾಗಿ ಹಗ್ಗವನ್ನೋ ರಟ್ಟನ್ನೋ ಕತ್ತರಿಸಿದಾಗ ವ್ಯತ್ಯಾಸ ಅಂಗೈಗೇ ತಿಳಿಯುತ್ತದೆ.

ಏಣಿಯ ಮೇಲೆ ನಿಂತು, ಒಂದು ಕೈಯಲ್ಲಿ ಇನ್ನೇನನ್ನೋ ಹಿಡಿದು ಕೆಲಸ ಮಾಡುವವರಿಗೆ ಎರಡೂ ಆಗಿಬರುವುದಿಲ್ಲ. ಒಂದೇ ಕೈಯಲ್ಲಿ ತೆರೆಯುವ ಚಾಕು ಅವರಿಗೆ ಬೇಕು. ಅಮೆರಿಕದ ಸ್ಪೈಡರ್ಕೊ ಕಂಪನಿ 1981ರಲ್ಲಿ ತಂದ, ಅಲಗಿನಲ್ಲಿ ದುಂಡು ರಂಧ್ರ, ಹಿಡಿಯಲ್ಲಿ ಕ್ಲಿಪ್ ಇರುವ ಚಾಕು ಆ ಬಗೆಯದು. ಒಪಿನೆಲ್ಲನ್ನು ತೆರೆಯಲು ಎರಡು ಕೈ ಬೇಕೇ ಬೇಕು.

ಲಾಕ್ ಮತ್ತು ಉದ್ದ, ಎರಡಕ್ಕೂ ಕಾನೂನಿನ ಕಣ್ಣಿದೆ. ಬ್ರಿಟನ್ನಿನಲ್ಲಿ ಕಾರಣವಿಲ್ಲದೆ ಸಾರ್ವಜನಿಕವಾಗಿ ಒಯ್ಯಬಹುದಾದದ್ದು ಲಾಕ್ ಇಲ್ಲದ, ಮೂರು ಇಂಚು ಮೀರದ ಮಡಚುವ ಚಾಕು ಮಾತ್ರ. ನಂಬರ್ 8 ಎರಡರಲ್ಲೂ ತಪ್ಪುತ್ತದೆ, ಸ್ಪಾರ್ಟನ್ ದಾಟುತ್ತದೆ. ಮಡಚುವ ಚಾಕುಗಳಲ್ಲಿ ಜರ್ಮನಿಯ ಕಾನೂನು ಮುಖ್ಯವಾಗಿ ಹಿಡಿಯುವುದು ಒಂದೇ ಕೈಯಲ್ಲಿ ತೆರೆದು ಲಾಕ್ ಆಗುವವನ್ನು. ಹೀಗೆ ಒಂದೊಂದು ಕಡೆ ಒಂದೊಂದು ಲೆಕ್ಕ, ಆದ್ದರಿಂದ ನೀವಿರುವ ಕಡೆಯ ನಿಯಮ ತಿಳಿದುಕೊಂಡೇ ಅಳತೆ ಆರಿಸಿ. ವಿಮಾನದಲ್ಲಿ ಕೈಚೀಲಕ್ಕೆ ಬೇಡ, ಒಳಗೆ ಹಾಕುವ ದೊಡ್ಡ ಪೆಟ್ಟಿಗೆಯಲ್ಲಿ ಸುತ್ತಿ ಇಡಿ.

ಅಳತೆಯ ಮಾತಿಗೆ ಬಂದರೆ, ಅಂಗೈ ಚಿಕ್ಕದಿರುವವರಿಗೂ ಕಚೇರಿಯ ತೆಳು ಪ್ಯಾಂಟಿಗೂ 6 ಚೆನ್ನ, ಅಲಗು 7 ಸೆಂಟಿಮೀಟರಿನ ಆಸುಪಾಸು. 7ಕ್ಕೂ 8ಕ್ಕೂ ಅಲಗಿನಲ್ಲಿ ಅರ್ಧ ಸೆಂಟಿಮೀಟರ್ ವ್ಯತ್ಯಾಸವಷ್ಟೇ, ಆದರೆ ಹಿಡಿಯ ಗಾತ್ರದಲ್ಲಿ 8 ನಾಲ್ಕೂ ಬೆರಳಿಗೆ ಜಾಗ ಕೊಡುತ್ತದೆ. 10 ಮತ್ತು 12 ಜೇಬಿನವಲ್ಲ, ಊಟದ ಬುತ್ತಿಯ ಜೊತೆ ಚೀಲದಲ್ಲಿ ಹೋಗುವಂಥವು. ಕೈಯಲ್ಲಿ ಹಿಡಿದು ನೋಡುವಾಗ ಕಿರುಬೆರಳು ಹಿಡಿಯ ಬಾಲದಿಂದ ಜಾರಿ ಹೊರಗೆ ಉಳಿದರೆ ಒಂದು ಅಳತೆ ಮೇಲಕ್ಕೆ ಹೋಗಿ.